ಮೇಸ್ತ್ರಿ ಅಮ್ಮನ ಮನೆ

ಮೂಡಿಗೆರೆಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ನಾನು ವಾರ್ಡನ್ ಆಗಿದ್ದೆ. ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ಹುಡುಗಿ ಆಗಾಗ ಫೋನ್ ಮಾಡುತ್ತಾಳೆ. ನೀರಿನ ಟ್ಯಾಂಕು ಎಲ್ಲಿ ಸೋರುತ್ತದೆ, ಅಡುಗೆಯವಳು ಯಾವ ಮಾತಿಗೆ ಮುನಿಸಿಕೊಳ್ಳುತ್ತಾಳೆ ಎಂಬುದೆಲ್ಲ ನನಗೆ ಬಾಯಿಪಾಠ ಎಂದು ಅವಳ ನಂಬಿಕೆ. ಮೊನ್ನೆ ಮಾತ್ರ ಬೇರೆಯೇ ಪ್ರಶ್ನೆ ಕೇಳಿದಳು.

"ಮೇಡಂ, ಮಕ್ಕಳು ನಂಗೆ ಚೂರೂ ಹೆದರಲ್ಲ. ಹೆದರಿಸಿ ಇಟ್ಕೋಬೇಕಾ, ಇಲ್ಲ ಪ್ರೀತಿಯಿಂದ ಹುರಿದುಂಬಿಸ್ಬೇಕಾ? ನೀವು ಎಂತ ಮಾಡ್ತಿದ್ರಿ?"

ಯೋಚಿಸಿ ಹೇಳುತ್ತೇನೆ ಎಂದೆ. ಇಷ್ಟು ವರ್ಷ ಅದೇ ಕೆಲಸ ಮಾಡಿದವಳ ನಾಲಿಗೆಯ ಮೇಲೆ ಉತ್ತರ ಸಿದ್ಧವಾಗಿರಬೇಕಿತ್ತು. ನನಗೆ ಆದದ್ದು ದಣಿವು. ಫೋನ್ ಇಟ್ಟು ಕುರ್ಚಿಯಲ್ಲಿ ಕೂತಾಗ ಹಾಸ್ಟೆಲ್ಲು ನೆನಪಿಗೆ ಬರಲಿಲ್ಲ, ಚಿಕ್ಕಮಗಳೂರಿನ ನಮ್ಮ ಹಳೆಯ ಮನೆ ಬಂತು. ನಾನು ಹೆದರುವುದನ್ನೂ ಒಬ್ಬರನ್ನು ಕಂಡು ಮರುಳಾಗುವುದನ್ನೂ ಕಲಿತದ್ದು ಅಲ್ಲಿಯೇ, ಎರಡು ಮೂರು ವರ್ಷಗಳ ಒಳಗೆ.

ಕಾಫಿ ವರ್ಕ್ಸಿನ ಹಿಂದಿನ ಬೀದಿಯ ವಠಾರದಲ್ಲಿ ಕೊನೆಯ ಮನೆ ನಮ್ಮದು. ಎಸ್ಟೇಟುಗಳಿಂದ ಚೀಲಗಳಲ್ಲಿ ಬಂದ ಕಾಫಿಯ ಹೊಟ್ಟು ಬಿಡಿಸಿ, ಬೀಜ ಆರಿಸಿ ಹೊರದೇಶಕ್ಕೆ ಕಳಿಸುತ್ತಿದ್ದ ಕಾರ್ಖಾನೆ ಅದು. ಸೀಸನ್ನಿನಲ್ಲಿ ಅಲ್ಲಿನ ಹೊಟ್ಟಿನ ದೂಳು ಗಾಳಿಯಲ್ಲಿ ತೇಲಿಬಂದು ನಮ್ಮ ಕಿಟಕಿಯ ಸರಳು, ಮುಚ್ಚಿಟ್ಟ ಅನ್ನದ ತಪ್ಪಲೆ, ದೇವರ ಪಟ ಎಲ್ಲದರ ಮೇಲೂ ಕೂರುತ್ತಿತ್ತು. ಮುಂದಿನ ಜಗಲಿಯಲ್ಲಿ ಅಪ್ಪನ ಹೊಲಿಗೆ ಯಂತ್ರ. ಅಪ್ಪ ಟೈಲರು, ಹೆಂಗಸರ ರವಿಕೆಗೆ ಹೆಸರಾದವರು, ಮೃದು ಮಾತಿನವರು. ನಡುಮನೆಯಲ್ಲಿ ಒಂದು ಮಂಚ, ಒಂದು ಬೀರು, ಗೋಡೆಗೆ ಒರಗಿಸಿದ ಚಾಪೆಗಳು. ಅದರಾಚೆ ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು. ಇಷ್ಟು ಜಾಗದಲ್ಲಿ ಅಪ್ಪ, ನಾನು ಮತ್ತು ನನ್ನ ತಂಗಿ ಇಡೀ ದಿನ ಹಾಡಿಕೊಂಡು, ಜಗಳವಾಡಿಕೊಂಡು ಇರುತ್ತಿದ್ದೆವು. ಸಂಜೆ ಗೇಟಿನ ಚಿಲಕ ಸದ್ದಾದರೆ ಅಪ್ಪನ ಕಾಲು ಪೆಡಲಿನ ಮೇಲೆ ನಿಲ್ಲುತ್ತಿತ್ತು. ತಂಗಿ ಗೋಡೆಯ ಕಡೆ ಮುಖ ಮಾಡಿ ಪುಸ್ತಕ ತೆಗೆಯುತ್ತಿದ್ದಳು. ಅವ್ವ ಬಂದಳು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಅವ್ವ ಆ ಕಾಫಿ ವರ್ಕ್ಸಿನಲ್ಲಿ ಬೀಜ ಆರಿಸುವ ಹೆಂಗಸರ ಮೇಸ್ತ್ರಿ. ಹೆಸರು ಸಾವಿತ್ರಮ್ಮ, ಆದರೆ ಇಡೀ ಬೀದಿ ಮೇಸ್ತ್ರಿ ಅಮ್ಮ ಎನ್ನುತ್ತಿತ್ತು. ಉದ್ದನೆಯ ಹಾಲಿನಲ್ಲಿ ಸಾಲುಸಾಲಾಗಿ ಕೂತ ಹೆಂಗಸರು ಮೊರದಲ್ಲಿ ಬೀಜ ಹರಡಿಕೊಂಡು ಕಪ್ಪಾದದ್ದು, ಒಡೆದದ್ದು, ಹುಳು ಕೊರೆದದ್ದನ್ನು ಹೆಕ್ಕಿ ತೆಗೆಯಬೇಕು. ಅವರ ನಡುವೆ ಅವ್ವ ನಡೆಯುತ್ತಿದ್ದಳು. ಊಟದ ಡಬ್ಬಿ ಕೊಡಲು ಹೋದಾಗ ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅವಳು ಹಾದುಹೋಗುವ ಸಾಲಿನಲ್ಲಿ ಮಾತು ನಿಂತು, ಹಿಂದಿನ ಸಾಲಿನಲ್ಲಿ ಶುರುವಾಗಿ, ಅವಳು ತಿರುಗಿದರೆ ಅಲ್ಲೂ ನಿಲ್ಲುತ್ತಿತ್ತು. ಅವಳು ಯಾರನ್ನೂ ಹೊಡೆದವಳಲ್ಲ. ಕೆಟ್ಟ ಮಾತು ಆಡಿದವಳೂ ಅಲ್ಲ. ಮೊರದ ಮುಂದೆ ನಿಂತು ಒಂದು ಕಪ್ಪು ಬೀಜ ಎತ್ತಿ, ಅದನ್ನು ಆ ಹೆಂಗಸಿನ ಅಂಗೈಯಲ್ಲಿಟ್ಟು, ಏನೂ ಹೇಳದೆ ಮುಂದೆ ಹೋಗುತ್ತಿದ್ದಳು. ಬೈಸಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಆ ಹೆಂಗಸರು ನಮ್ಮ ಅಪ್ಪನ ಹತ್ತಿರ ಹೇಳಿಕೊಳ್ಳುತ್ತಿದ್ದರಂತೆ.

ಅವಳ ಗಡಸುತನಕ್ಕೆ ಕಾರಣ ಇತ್ತು. ವಸ್ತಾರೆಯ ಕಡೆಯಿಂದ ಮದುವೆಯಾಗಿ ಬಂದು ಅವಳೂ ಅದೇ ಹಾಲಿನಲ್ಲಿ ಮೊರ ಹಿಡಿದು ಕೂತವಳು. ಆಗ ಮೇಸ್ತ್ರಿಯಾಗಿದ್ದವನು ಗಂಡಸು. ಬೀಜ ನೋಡುವ ನೆಪದಲ್ಲಿ ಬಗ್ಗುತ್ತಿದ್ದ, ಕೈ ಎಲ್ಲೆಲ್ಲೋ ಹೋಗುತ್ತಿತ್ತು. ಒಂದು ದಿನ ಅವ್ವ ಎದ್ದು ನಿಂತು ಮೊರದ ಬೀಜವನ್ನೆಲ್ಲ ಅವನ ಮುಖಕ್ಕೆ ಎರಚಿದಳು. ಆ ಗಲಾಟೆಯ ಕೊನೆಗೆ ಅವನು ಹೋದ, ಮೇಸ್ತ್ರಿಗಿರಿ ಅವ್ವನಿಗೆ ಬಂತು. ಅಂದಿನಿಂದ ಲಾರಿಯವರಾಗಲಿ, ಹಮಾಲಿಗಳಾಗಲಿ, ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರಾಗಲಿ ಅವಳನ್ನು ಕೇಳದೆ ಆ ಹಾಲಿಗೆ ಕಾಲಿಡುತ್ತಿರಲಿಲ್ಲ. ಹೆದರಿಕೆಯಿಂದ ಹೆಂಗಸರಿಗೆ ರಕ್ಷಣೆ ಸಿಕ್ಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದನ್ನು ಕೆಳಗಿಡುವುದು ಯಾವಾಗ ಎಂದು ಅವಳಿಗೆ ಯಾರೂ ಹೇಳಿಕೊಡಲಿಲ್ಲ.

ಮನೆಗೂ ಅದನ್ನೇ ತಂದಳು. ರಾತ್ರಿ ಊಟಕ್ಕೆ ಕೂತಾಗ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು, ಸ್ಕೂಲಿನಲ್ಲಿ ಏನಾಯಿತು, ರವಿಕೆ ಎಷ್ಟು ಮುಗಿಯಿತು, ಹಾಲಿನವನು ಬಂದಿದ್ದನೋ. ನಾವು ಒಳ್ಳೆಯದನ್ನು ಮಾತ್ರ ಹೇಳುತ್ತಿದ್ದೆವು. ನನ್ನ ಗಣಿತದ ಪೇಪರಿಗೆ ಸಹಿ ಬೇಕಾದರೆ, ತಂಗಿ ಕೊಡ ಒಡೆದಿದ್ದರೆ, ಅಪ್ಪ ಯಾರದೋ ಬಟ್ಟೆ ತಪ್ಪಾಗಿ ಕತ್ತರಿಸಿದ್ದರೆ, ಅಪ್ಪ ನಮ್ಮ ಕಿವಿಯಲ್ಲಿ ಒಂದೇ ಮಾತು ಹೇಳುತ್ತಿದ್ದರು.

"ಈಗ ಬ್ಯಾಡ ಮಗಾ. ಅವ್ವ ಉಂಡಾದ್ಮೇಲೆ ನೋಡೋಣ."

ಅವ್ವ ಉಂಡಾದ ಮೇಲೆ ಮಲಗುತ್ತಿದ್ದಳು. ಬೆಳಗ್ಗೆ ಎದ್ದರೆ ಕೆಲಸದ ಅವಸರ. ನಮ್ಮ ಮನೆಯಲ್ಲಿ ಕೆಟ್ಟ ಸುದ್ದಿಗೆ ಹೊತ್ತೇ ಇರಲಿಲ್ಲ. ಎಲ್ಲವೂ ಅಪ್ಪನ ಹೊಲಿಗೆ ಯಂತ್ರದ ಸುತ್ತ ಗುಸುಗುಸು ಮಾತಿನಲ್ಲಿ ಬಗೆಹರಿಯಬೇಕಿತ್ತು, ಬಗೆಹರಿಯದ್ದು ಹಾಗೆಯೇ ಉಳಿಯುತ್ತಿತ್ತು.

ಹಾಗೆ ಉಳಿದದ್ದರಲ್ಲಿ ನನ್ನ ಎಡಗಿವಿಯೂ ಒಂದು. ಕೆರೆಯಲ್ಲಿ ಈಜಬಾರದು ಎಂದು ಅವ್ವ ಕಟ್ಟಪ್ಪಣೆ ಮಾಡಿದ್ದಳು, ನಾನು ಗೆಳತಿಯರ ಜೊತೆ ಹೋಗಿ ಈಜಿದ್ದೆ. ಕಿವಿ ನೋಯತೊಡಗಿತು, ಆಮೇಲೆ ಸೋರತೊಡಗಿತು. ಹೇಳಿದರೆ ಈಜಿದ್ದು ಗೊತ್ತಾಗುತ್ತದೆ. ಅಪ್ಪ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು, ಹತ್ತಿ ಇಟ್ಟರು, ಹತ್ತಿ ಕಾಣದ ಹಾಗೆ ಕೂದಲು ಬಾಚಿದರು. ಭಾನುವಾರ ಮಾತ್ರ ಭಯವಾಗುತ್ತಿತ್ತು. ಅಂದು ಅವ್ವ ತಾನೇ ನಮಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುತ್ತಿದ್ದಳು. ವಾರದಲ್ಲಿ ಅವಳು ನಮ್ಮನ್ನು ಮುಟ್ಟುತ್ತಿದ್ದದ್ದು ಆಗ ಮಾತ್ರ. ಬಚ್ಚಲಿನ ಹೊಗೆಯಲ್ಲಿ ಅವಳ ಬೆರಳುಗಳು ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದವು, ಬಾಯಲ್ಲಿ ಯಾವುದೋ ಹಾಡಿನ ತುಣುಕು ಇರುತ್ತಿತ್ತು. ಆ ಸುಖಕ್ಕಾಗಿ ಕಾಯುತ್ತಿದ್ದವಳು ಆ ವಾರಗಳಲ್ಲಿ ತಲೆನೋವು, ಸ್ನಾನ ಬೇಡ ಎಂದು ತಪ್ಪಿಸಿಕೊಂಡೆ. ಕೊನೆಗೆ ಜ್ವರ ಏರಿ, ಅವ್ವ ಕೆಲಸದಲ್ಲಿದ್ದಾಗ ಅಪ್ಪ ನನ್ನನ್ನು ಹೊತ್ತುಕೊಂಡು ಡಾಕ್ಟರ ಹತ್ತಿರ ಓಡಿದರು. ತಡವಾಗಿತ್ತು. ಜ್ವರ ಇಳಿಯಿತು, ಆ ಕಿವಿ ತಿರುಗಿ ಸರಿಯಾಗಿ ಕೇಳಲಿಲ್ಲ. ಅದನ್ನೂ ನಾವಿಬ್ಬರೂ ಅವ್ವನಿಗೆ ಹೇಳಲಿಲ್ಲ.

ಅದಾದ ಮರುವರ್ಷ ಗಿರಿಜಳದ್ದು ಆಯಿತು. ಗೋಣಿಬೀಡಿನ ಹುಡುಗಿ, ಮದುವೆಯಾಗಿ ನಮ್ಮ ಊರಿಗೆ ಬಂದಿದ್ದಳು, ಹಾಲಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ಮೊದಲ ಬಸಿರು. ಬೆಳಗ್ಗಿನಿಂದ ಹೊಟ್ಟೆ ಹಿಂಡುತ್ತಿದ್ದರೂ, ಕೂತ ಗೋಣಿ ಒದ್ದೆಯಾಗುತ್ತಿದ್ದರೂ ಅವಳು ಮೊರ ಬಿಟ್ಟು ಏಳಲಿಲ್ಲ. ಪಕ್ಕದವರಿಗೆ ಗೊತ್ತಾಯಿತು. ಅವರೂ ಏಳಲಿಲ್ಲ. ಹಡಗಿಗೆ ಹೋಗಬೇಕಾದ ಮಾಲು ಬಾಕಿ ಇತ್ತು, ಹಿಂದಿನ ದಿನವೇ ಅವ್ವ ಯಾರಿಗೂ ರಜೆ ಇಲ್ಲ ಎಂದಿದ್ದಳು. ಸಂಜೆ ಗಂಟೆ ಹೊಡೆದು ಎಲ್ಲರೂ ಎದ್ದಾಗ ಗಿರಿಜ ಏಳಲಾರದೆ ಹೋದಳು. ಮಗು ಉಳಿಯಲಿಲ್ಲ.

ಮಾರನೆಯ ದಿನ ಹೆಂಗಸರು ಕೆಲಸಕ್ಕೆ ಹೋಗದೆ ನಮ್ಮ ಅಂಗಳಕ್ಕೆ ಬಂದರು. ಮುಂದೆ ನಿಂತವಳು ಜುಲೇಖಕ್ಕ. ಬೀದಿಯ ತುದಿಯಲ್ಲಿ ಜೀಪ್ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕಿನ ಹೆಂಡತಿ, ಅವ್ವನ ಜೊತೆಯಲ್ಲೇ ಕೆಲಸಕ್ಕೆ ಸೇರಿದವಳು. ಅವ್ವ ಜಗಲಿಯ ಮೇಲೆ ನಿಂತಿದ್ದಳು. ಅಪ್ಪ ಯಂತ್ರದ ಹಿಂದೆ. ನಾನು ಬಾಗಿಲ ಸಂದಿಯಲ್ಲಿ.

"ಒಂದು ಮಾತು ಹೇಳಿದ್ರೆ ನಾನು ಆ ಹುಡ್ಗೀನ ಮನೆಗೆ ಕಳಿಸ್ತಿರ್ಲಿಲ್ವಾ?" ಎಂದಳು ಅವ್ವ. "ನಾನು ಅಷ್ಟು ಕಟುಕಳಾ?"

"ಕಳಿಸ್ತಿದ್ರಿ ಸಾವಿತ್ರಮ್ಮ. ನಂಗೊತ್ತು," ಎಂದಳು ಜುಲೇಖಕ್ಕ. "ಆದ್ರೆ ಹೇಳೋಕೆ ಬಾಯಿ ಬರ್ಬೇಕಲ್ಲ. ನೀವು ಎದುರಿಗೆ ಬಂದ್ರೆ ನಾಲಿಗೆ ಒಣಗ್ತದೆ. ನಂಗೂ ಒಣಗ್ತದೆ, ಇಷ್ಟು ವರ್ಷದ ಮೇಲೂ."

"ಹಂಗಾದ್ರೆ ತಪ್ಪು ನಂದಾ?"

ಆಗ ನನ್ನ ಅಪ್ಪ, ಹೆಂಡತಿಯ ಎದುರು ದನಿ ಎತ್ತಿ ಗೊತ್ತೇ ಇಲ್ಲದ ಮನುಷ್ಯ, ಕತ್ತರಿಯನ್ನು ಬಟ್ಟೆಯ ಮೇಲಿಟ್ಟು ಹೇಳಿದರು.

"ನಮ್ಮ ಸುಮೀಗೆ ಎಡಗಿವಿ ಕೇಳಲ್ಲ. ಹೋದ ವರ್ಷದಿಂದ. ಅದೂ ಹಿಂಗೇ ಆಗಿದ್ದು ಮಾರಾಯ್ತಿ."

ಅವ್ವ ತಿರುಗಿ ನನ್ನನ್ನು ಹುಡುಕಿದಳು. ನಾನು ಬಾಗಿಲ ಹಿಂದೆ ಸರಿದೆ. ಅವಳು ಹತ್ತಿರ ಬಂದು ನನ್ನ ಎಡಗಡೆಗೆ ಬಗ್ಗಿ ಮೆಲ್ಲಗೆ ಏನೋ ಹೇಳಿದಳು. ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಏನು ಹೇಳಿದೆ ಎಂದು ಅವಳನ್ನು ಕೇಳುವ ಧೈರ್ಯ ನನಗೆ ಮುಂದೆಂದೂ ಬರಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತು ನಮ್ಮ ಒಲೆ ಉರಿಯಲಿಲ್ಲ, ಜುಲೇಖಕ್ಕನ ಮನೆಯಿಂದ ರೊಟ್ಟಿ ಬಂತು.

ಹೆಂಗಸರು ಹೋಗಿ ಮ್ಯಾನೇಜರನ್ನು ಕೇಳಿದರು, ಜುಲೇಖಕ್ಕ ಮೇಸ್ತ್ರಿಯಾದಳು. ಅವ್ವನನ್ನು ಚೀಲ ಹೊಲಿಯುವ ಕಡೆಗೆ ಹಾಕಿದರು. ದಪ್ಪ ಸೂಜಿ, ಸೆಣಬಿನ ದಾರ, ಮಾತಾಡುವವರಿಲ್ಲದ ಮೂಲೆ. ಮನೆಯಲ್ಲಿ ಅವಳು ಮೆತ್ತಗಾಗಲು ಪ್ರಯತ್ನಿಸಿದಳು, ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು. ಊಟಕ್ಕೆ ಕೂತರೆ ಪ್ರಶ್ನೆ ಕೇಳುತ್ತಿರಲಿಲ್ಲ. ತಂಗಿ ಲೋಟ ಬೀಳಿಸಿದರೆ ಅವ್ವನೇ ಬೆಚ್ಚಿ ನಮ್ಮ ಮುಖ ನೋಡುತ್ತಿದ್ದಳು. ಎಷ್ಟೋ ವರ್ಷ ಹೆದರಿದ್ದವರಿಗೆ ಹೆದರಿಕೆ ಬಿಡು ಎಂದರೆ ಬಿಡಲು ಬರುವುದಿಲ್ಲ. ನಾವು ಆಗಲೂ ಒಳ್ಳೆಯ ಸುದ್ದಿಯನ್ನೇ ಹೇಳುತ್ತಿದ್ದೆವು.

ನಾನು ದಿನಾ ಸ್ಕೂಲು ಬಿಟ್ಟೊಡನೆ ಜುಲೇಖಕ್ಕನ ಹಿಂದೆ ಬೀಳತೊಡಗಿದೆ. ಅವಳ ಹಾಲಿನಲ್ಲಿ ನಗು ಇತ್ತು, ಹಾಡು ಇತ್ತು. ಮೇಸ್ತ್ರಿಯಾದರೂ ಮೊರ ಹಿಡಿದು ಸಾಲಿನಲ್ಲಿ ಕೂರುತ್ತಿದ್ದಳು, ಒಂದು ದಿನ ಈ ಸಾಲು, ಮರುದಿನ ಆ ಸಾಲು. ಒಬ್ಬೊಬ್ಬರ ಮಕ್ಕಳ ಹೆಸರು ಹಿಡಿದು ವಿಚಾರಿಸುತ್ತಿದ್ದಳು. ಗಿರಿಜಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ತಿರುಗಿ ನಗುವ ಹಾಗೆ ಮಾಡಿದಳು. ಬೆನ್ನು ಸೋತು ಕೈ ನಿಧಾನವಾಗುವ ಸಂಜೆಯ ಹೊತ್ತಿಗೆ ಅವಳು ಒಂದು ಬೀಜ ಎತ್ತಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದದ್ದು ನನಗೆ ಇನ್ನೂ ನೆನಪಿದೆ.

"ನೋಡ್ರೇ, ಇದು ಸಮುದ್ರ ದಾಟಿ ಹೋಗ್ತದೆ. ಅಲ್ಲಿ ಯಾವುದೋ ಹೆಂಗಸು ಬೆಳಿಗ್ಗೆ ಎದ್ದು ಕುಡಿದು, ಆಹಾ ಅಂತಾಳೆ. ಅವ್ಳಿಗೆ ನಮ್ಮ ಹೆಸರು ಗೊತ್ತಿಲ್ಲ. ಆದ್ರೆ ಅವ್ಳ ಬೆಳಗಾಗೋದು ನಮ್ಮ ಕೈಯಿಂದ!"

ನನಗೆ ಮೈ ಜುಮ್ಮೆನ್ನುತ್ತಿತ್ತು. ಬೆಳೆದರೆ ಜುಲೇಖಕ್ಕನ ಹಾಗೆ ಬೆಳೆಯಬೇಕು ಎಂದುಕೊಂಡೆ. ಮನೆಗೆ ಬಂದು ಅದನ್ನೆಲ್ಲ ಅವ್ವನ ಮುಂದೆಯೇ ಹೇಳುತ್ತಿದ್ದೆ. ಅವ್ವ ಬೆರಳಿಗೆ ಚುಚ್ಚಿದ ಸೆಣಬಿನ ಎಳೆ ಕೀಳುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ಮಾತ್ರ, "ಜುಲೇಖ ಒಳ್ಳೆಯವ್ಳು. ಬಾಳ ಒಳ್ಳೆಯವ್ಳು," ಎಂದು ಎದ್ದುಹೋದಳು.

ಮಾಲು ಹಿಂದೆಂದಿಗಿಂತ ಬೇಗ ಹೋಗತೊಡಗಿತು. ಮ್ಯಾನೇಜರಿಗೆ ಅದು ಕಂಡಿತು. ಇನ್ನಷ್ಟು ಆಗುತ್ತದಾ ಎಂದು ಜುಲೇಖಕ್ಕನನ್ನು ಕೇಳಿದರು. ಅವಳಿಗೆ ಆಗುವುದಿಲ್ಲ ಎನ್ನಲು ಬರುತ್ತಿರಲಿಲ್ಲ. ಹೆಂಗಸರಿಗೆ ಅವಳ ಮುಖ ಬಾಡುವುದನ್ನು ನೋಡಲು ಆಗುತ್ತಿರಲಿಲ್ಲ. ಗಂಟೆ ಹೊಡೆದ ಮೇಲೂ ದೀಪದ ಕೆಳಗೆ ಕೂತರು. ಅಪ್ಪನ ಹತ್ತಿರ ರವಿಕೆ ಅಳತೆಗೆ ಬಂದವರು ಕಣ್ಣು ಉರಿ, ಕುತ್ತಿಗೆ ಹಿಡಿದಿದೆ, ಬೆರಳು ಮಡಿಸಲು ಆಗುತ್ತಿಲ್ಲ ಎನ್ನುತ್ತಿದ್ದರು. ಜುಲೇಖಕ್ಕನಿಗೆ ಹೇಳಿ ಎಂದರೆ ತಲೆ ಅಲ್ಲಾಡಿಸುತ್ತಿದ್ದರು.

"ಅಯ್ಯೋ ಬ್ಯಾಡಣ್ಣ. ಪಾಪ, ನಮಗೋಸ್ಕರ ಅಷ್ಟು ಮಾಡ್ತಾಳೆ. ಅವ್ಳಿಗೆ ಬೇಜಾರಾಗ್ತದೆ."

ಹೀಗೆ ಹೇಳಿದವಳು ಗಿರಿಜ. ನಾನು ಪಕ್ಕದಲ್ಲೇ ಗುಂಡಿ ಹೊಲಿಯುತ್ತಾ ಕೂತಿದ್ದೆ. ಆಗ ನನಗೆ ಏನೂ ಅನ್ನಿಸಲಿಲ್ಲ. ಅವ್ವನಿಗೆ ಹೆದರಿ ಮುಚ್ಚಿಟ್ಟವಳೇ ಜುಲೇಖಕ್ಕನ ಮೇಲಿನ ಪ್ರೀತಿಗೂ ಮುಚ್ಚಿಟ್ಟಳು ಎಂದು ಹೊಳೆದದ್ದು ನನ್ನ ಕೂದಲು ನೆರೆತ ಮೇಲೆ.

ಮುಂದಿನ ವರ್ಷ ಬೀಜ ಆರಿಸುವ ಯಂತ್ರ ಬಂತು. ಹೆಂಗಸರು ಗಾಬರಿಯಾದರು. ಮ್ಯಾನೇಜರು ಜುಲೇಖಕ್ಕನನ್ನು ಕರೆದು, ಯಂತ್ರದಿಂದ ಕೆಲಸ ಹಗುರಾಗುತ್ತದೆ, ಯಾರನ್ನೂ ಬಿಡಿಸುವುದಿಲ್ಲ ಎಂದರಂತೆ. ಅವಳು ಅದನ್ನು ನಂಬಿದಳು. ಹಾಲಿನ ನಡುವೆ ನಿಂತು, ನಿಮ್ಮ ಕಣ್ಣು ಉಳಿಯುತ್ತದೆ, ಬೆನ್ನು ಉಳಿಯುತ್ತದೆ, ನಾವೆಲ್ಲ ಒಟ್ಟಿಗೇ ಇರುತ್ತೇವೆ ಎಂದು ಮನಸಾರೆ ಹೇಳಿದಳು. ಕೆಲವರು ಅತ್ತರು, ಖುಷಿಗೆ. ಯಂತ್ರಕ್ಕೆ ಆರತಿ ಎತ್ತಿದ್ದೂ ಅದೇ ಹೆಂಗಸರು. ಸೀಸನ್ ಮುಗಿಯಿತು. ಮರುಸೀಸನ್ನಿಗೆ ಬೀಜ ಆರಿಸುವ ಹೆಂಗಸರಲ್ಲಿ ಯಾರಿಗೂ ಕರೆ ಬರಲಿಲ್ಲ. ಗೇಟಿಗೆ ಹೋದವರನ್ನು ವಾಚ್‌ಮನ್ ಇವತ್ತು ಬನ್ನಿ, ನಾಳೆ ಬನ್ನಿ ಎಂದು ತಿರುಗಿಸಿದ. ಆಫೀಸಿನ ಯಾರೂ ಹೊರಗೆ ಬಂದು ಮುಖ ತೋರಿಸಲಿಲ್ಲ. ಜುಲೇಖಕ್ಕ ಮನೆಯಿಂದ ಹೊರಗೆ ಬರುವುದನ್ನು ಬಿಟ್ಟಳು. ನಾನು ಹೋದರೆ ಬಾಗಿಲ ಹಿಂದಿನಿಂದ, "ಸುಮಿ, ಆಮೇಲೆ ಬಾ ಮಗಾ," ಎಂಬ ದನಿ ಮಾತ್ರ ಬರುತ್ತಿತ್ತು.

ಹೆಂಗಸರು ಮತ್ತೆ ನಮ್ಮ ಅಂಗಳಕ್ಕೆ ಬಂದರು. ಈ ಸಲ ಮುಂದೆ ನಿಂತವಳು ಗಿರಿಜ. ಅವ್ವ ಆಗಷ್ಟೇ ಚೀಲ ಹೊಲಿಯುವ ಕೆಲಸದಿಂದ ಬಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

"ನೀವು ಮ್ಯಾನೇಜರ್ ಹತ್ರ ಬರ್ಬೇಕು ಅಮ್ಮ," ಎಂದಳು ಗಿರಿಜ.

"ನಾನ್ಯಾಕೆ? ನಿಮ್ಮ ಮೇಸ್ತ್ರಿ ಇದ್ದಾಳಲ್ಲ."

"ಜುಲೇಖಕ್ಕ ಅಂದ್ರೆ ಅವ್ರಿಗೂ ಇಷ್ಟ. ನಗಿಸಿ ಕಳಿಸ್ತಾರೆ. ನಿಮ್ಮನ್ನ ಕಂಡ್ರೆ..." ಗಿರಿಜ ತಡೆದಳು. ಹಿಂದಿನಿಂದ ಯಾರೋ ಅವಳ ಬೆನ್ನು ತಟ್ಟಿದರು. "ನಿಮ್ಮನ್ನ ಕಂಡ್ರೆ ಅವ್ರಿಗೂ ಹೆದರಿಕೆ."

ಇಂಥ ಹೊಗಳಿಕೆ ಕೇಳಿ ಯಾರಿಗಾದರೂ ಸಂತೋಷವಾದೀತೆ? ಅವ್ವ ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು. ದಾರಿಯಲ್ಲಿ ಜುಲೇಖಕ್ಕನ ಬಾಗಿಲು ಬಡಿದು, "ಎದ್ದು ಬಾರೇ. ನೀನಿಲ್ದೆ ಇವ್ರನ್ನ ನಾನು ಹೆಂಗೆ ಕರ್ಕಂಡು ಹೋಗ್ಲಿ?" ಎಂದು ಕೂಗಿದಳು. ಬಾಗಿಲು ತೆರೆಯಿತು. ಜುಲೇಖಕ್ಕನ ಕಣ್ಣು ಬಾತಿತ್ತು. ಇಬ್ಬರೂ ಪಕ್ಕಪಕ್ಕದಲ್ಲಿ ನಡೆದರು, ಹಿಂದೆ ಹೆಂಗಸರು, ಅವರ ಹಿಂದೆ ನಾನು ಮತ್ತು ಅಪ್ಪ.

ಗೇಟಿನಲ್ಲಿ ವಾಚ್‌ಮನ್ ಅವ್ವನನ್ನು ಕಂಡು ಸುಮ್ಮನೆ ಸರಿದ. ಅವಳು ಆಫೀಸಿನ ಒಳಗೆ ಹೋಗಲಿಲ್ಲ. ಮೆಟ್ಟಿಲ ಕೆಳಗೆ ನಿಂತು, ಮ್ಯಾನೇಜರು ಹೊರಗೆ ಬರಲಿ ಎಂದಳು. ಬಂದರು. ಬೋಳುತಲೆಯ ಸಣ್ಣ ಮನುಷ್ಯ, ಕೈಯಲ್ಲಿ ಕನ್ನಡಕ.

"ಕೆಲಸ ಇದೆಯೋ ಇಲ್ವೋ, ಇವ್ರ ಮುಖ ನೋಡಿ ಹೇಳಿ," ಎಂದಳು ಅವ್ವ. "ನಂಗಲ್ಲ. ಇವ್ರಿಗೆ."

ಅವರು ಅವ್ವನನ್ನು ನೋಡಿದರು, ಕನ್ನಡಕ ಒರೆಸಿದರು. ಕೊನೆಗೆ ಹೇಳಿದರು. ಇಲ್ಲ ಎಂದರು. ಅವ್ವ ನಿಂತಲ್ಲಿಂದ ಕದಲದ್ದನ್ನು ಕಂಡು, ಯಂತ್ರ ಬರುವ ಮೊದಲೇ ಇದು ನಿಶ್ಚಯವಾಗಿತ್ತು ಎಂದೂ ಬಾಯಿಬಿಟ್ಟರು. ಕಾಫಿ ಒಣಗಿಸುವ ಕಣದಲ್ಲಿ ಕೆಲವರಿಗೆ ಜಾಗ ಮಾಡುತ್ತೇನೆ ಎಂದರು, ಮಾಡಿದರು ಕೂಡ. ಉಳಿದವರು ಎಸ್ಟೇಟು ಕೆಲಸಕ್ಕೆ ಜೀಪು ಹತ್ತಿದರು, ಕೆಲವರು ಕಳಸದ ಕಡೆಗೆ ಹೋದರು. ಗೆದ್ದ ಹಾಗೆ ಯಾರಿಗೂ ಅನ್ನಿಸಲಿಲ್ಲ. ಆದರೆ ಗೇಟಿನ ಮುಂದೆ ನಾಳೆ ನಾಳೆ ಎಂದು ಕಾಯುವುದು ನಿಂತಿತು. ಜುಲೇಖಕ್ಕ ಅಲ್ಲೇ ಹೆಂಗಸರ ಮುಂದೆ ಕೈಮುಗಿದು ಅತ್ತಳು. ಅವರು ಅವಳನ್ನು ತಬ್ಬಿಕೊಂಡರು. ಅವ್ವನನ್ನು ಯಾರೂ ತಬ್ಬಿಕೊಳ್ಳಲಿಲ್ಲ. ಅವಳು ಅಪ್ಪನ ಜೊತೆ ಮನೆಗೆ ನಡೆದಳು, ಜಗಲಿಯ ಮೇಲೆ ಕೂತು ಚಪ್ಪಲಿ ಬಿಚ್ಚಿ, "ಸಾಕಾಗಿದೆ ನಂಗೆ," ಎಂದಳು. ನಾನು ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಇದನ್ನು ಆ ಹೊಸ ವಾರ್ಡನ್ ಹುಡುಗಿಗೆ ಫೋನಿನಲ್ಲಿ ಹೇಗೆ ಹೇಳುವುದು? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವ್ವನಾಗಿದ್ದೆ. ವರಾಂಡದಲ್ಲಿ ನನ್ನ ನೆರಳು ಬಿದ್ದರೆ ಕೋಣೆಗಳು ನಿಶ್ಶಬ್ದವಾಗುತ್ತಿದ್ದವು, ಅದು ಶಿಸ್ತು ಎಂದು ನನಗೆ ಹೆಮ್ಮೆ ಇತ್ತು. ಅದು ಬೇಸರವಾಗಿ ಜುಲೇಖಕ್ಕನಾಗಲು ಹೊರಟೆ. ಮಕ್ಕಳು ನನ್ನನ್ನು ಮೆಚ್ಚಿಸಲು ಓದಿದರು, ಓದಲಾಗದವರು ನನ್ನ ಮುಂದೆ ನಗುತ್ತಾ ಓಡಾಡಿ ದಿಂಬಿನಲ್ಲಿ ಅತ್ತರು. ಆಮೇಲಾಮೇಲೆ ಎರಡೂ ಕೈಬಿಟ್ಟವು. ಉಳಿದದ್ದು ಸಂಜೆ ಹೊತ್ತು ಬಾಗಿಲು ತೆರೆದಿಟ್ಟು ಕೂರುವುದು, ಬಂದವಳು ಏನೇ ಹೇಳಿದರೂ ಮುಖ ಬದಲಾಗದ ಹಾಗೆ ಕೇಳುವುದು. ಅದೂ ಎಲ್ಲ ದಿನ ಆಗುತ್ತಿರಲಿಲ್ಲ. ಅದು ಬಹಳ ದಣಿಸುವ ಕೆಲಸ. ಹೆದರಿಸುವುದಕ್ಕಿಂತ, ಹುರಿದುಂಬಿಸುವುದಕ್ಕಿಂತ ಹೆಚ್ಚು ದಣಿಸುತ್ತದೆ.

ಅವ್ವ ಈಗ ನನ್ನ ಜೊತೆ ಮೂಡಿಗೆರೆಯಲ್ಲಿದ್ದಾಳೆ. ಅಪ್ಪ ಹೋಗಿ ವರ್ಷಗಳಾದವು, ಜುಲೇಖಕ್ಕನೂ ಹೋದಳು. ಅವ್ವ ಕೋಲು ಹಿಡಿದು ನಡೆಯುತ್ತಾಳೆ, ಮಾತು ಕಡಿಮೆ. ಹೋದ ತಿಂಗಳು ಗಿರಿಜ ಬಂದಿದ್ದಳು. ಕಣದ ಕೆಲಸ ಬಿಟ್ಟು ಮಗನ ಜೊತೆ ಕೊಟ್ಟಿಗೆಹಾರದಲ್ಲಿ ಇದ್ದಾಳೆ, ಮೊಮ್ಮಗಳ ಮದುವೆಗೆ ಕರೆಯಲು ಬಂದದ್ದು. ಅವಳಿಗೂ ವಯಸ್ಸಾಗಿದೆ, ಮಂಡಿ ಹಿಡಿದುಕೊಂಡು ಕೂರುತ್ತಾಳೆ. ಅವ್ವ ಅವಳನ್ನು ಗುರುತು ಹಿಡಿದು, "ಊಟ ಮಾಡದೆ ಹೋಗ್ಬೇಡ," ಎಂದಳು. ನಾನು ಟೇಬಲ್ಲಿಗೆ ಬಡಿಸಿದೆ. ಅವ್ವ ಎದುರಿನ ಕುರ್ಚಿಯಲ್ಲಿ ಕೂತಳು.

ಗಿರಿಜ ಬಗ್ಗಿ ಉಣ್ಣತೊಡಗಿದಳು. ಸ್ವಲ್ಪ ಹೊತ್ತಿಗೆ ನನ್ನ ಕಣ್ಣಿಗೆ ಬಿತ್ತು, ಅವಳ ಕೈ ಅವಸರ ಮಾಡುತ್ತಿತ್ತು. ತುತ್ತು ಅಗಿಯದೆ ನುಂಗುತ್ತಿದ್ದಳು. ನಡುವೆ ತಲೆ ಎತ್ತಿ ಅವ್ವನ ಕಡೆ ನೋಡಿ ನಕ್ಕು, ಮತ್ತೆ ಬಗ್ಗಿ ಇನ್ನೂ ಬೇಗ. ಒಮ್ಮೆ ನೆತ್ತಿಗೆ ಹತ್ತಿ ಕೆಮ್ಮಿದಳು. ಅವ್ವನೂ ನೋಡುತ್ತಿದ್ದಳು. ಅವಳ ಕಣ್ಣು ಈಗಲೂ ಚೆನ್ನಾಗಿದೆ. ಅವಳು ಕೋಲು ಊರಿ ಎದ್ದಳು.

"ನಂಗೆ ಬೆನ್ನು ನೋಯ್ತದೆ. ಒಳಗೆ ಮಲಗ್ತೀನಿ," ಎಂದಳು. ಬಾಗಿಲ ಹತ್ತಿರ ನಿಂತು, ತಿರುಗದೆಯೇ, "ನಿಧಾನ ಉಣ್ಣೇ ಗಿರಿಜ," ಎಂದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಗಿರಿಜಳ ಕೈ ತಟ್ಟೆಯಲ್ಲಿ ಹಾಗೆಯೇ ನಿಂತಿತು. ಆಮೇಲೆ ಕುರ್ಚಿಗೆ ಬೆನ್ನು ಕೊಟ್ಟು ಉಸಿರು ಬಿಟ್ಟಳು. ನನ್ನ ಹತ್ತಿರ ಇನ್ನೊಂದು ಸೌಟು ಸಾರು ಕೇಳಿದಳು, ಕಲಸಿದಳು, ಮೊಮ್ಮಗಳ ಗಂಡನಾಗುವವನ ಸಂಗತಿ ಹೇಳತೊಡಗಿದಳು. ನಾನು ನೀರು ತರಲು ಎದ್ದಾಗ ಬಾಗಿಲ ಸಂದಿಯಲ್ಲಿ ಅವ್ವ ಕಂಡಳು. ಮಲಗಿರಲಿಲ್ಲ. ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದಳು, ಕೋಲು ಮಡಿಲಲ್ಲಿ. ಗಿರಿಜ ಉಂಡು ಮುಗಿಸಿ ಕೈ ತೊಳೆಯುವವರೆಗೂ ಅವಳು ಹೊರಗೆ ಬರಲಿಲ್ಲ.